ಸೈಕ್‌ನಲ್ಲಿ ಜನವರಿ

ಗಲ್ಫಿನಲ್ಲಿ ಬೆಂಕಿ ರಿಪೇರಿ ಮಾಡ್ತೀನಿ ಅಂದರೆ
ದಾವಣಗೆರೆಯಲ್ಲಿ ಯಾರೂ ನಂಬುವುದಿಲ್ಲ.
ಅಲ್ಲಿ ಬಿಸಿಲೇ ಪುಕ್ಕಟೆ ಕುಲುಮೆಯಲ್ಲವೇನೋ ಅಂತ
ತಮ್ಮ ಫೋನಿನಲ್ಲಿ ನಗುತ್ತಾನೆ.
ಹತ್ತು ತಿಂಗಳು ನಾನೂ ಏಸಿಗಳ ಹೊಟ್ಟೆ ಬಗೆಯುವವನೇ.
ಜನವರಿ ಬಂತೆಂದರೆ ನಿಜ್ವಾ ಬಿಟ್ಟು,
ಪೊಲೀಸ್ ಗೇಟಿನಲ್ಲಿ ಫೋರ್ ವೀಲ್ ಗಾಡಿಯೆಂದು ತೋರಿಸಿ
ಬೆಟ್ಟ ಹತ್ತುತ್ತೇನೆ,
ದಾಳಿಂಬೆ ಗಿಡ ಬೋಳಾಗಿ ನಿಂತ ಊರಿಗೆ,
ನಲ್ಲಿಯ ಮೂತಿಗೆ ರಾತ್ರೋರಾತ್ರಿ ಗಾಜು ಕಟ್ಟುವ ಊರಿಗೆ.

ಹಮೂದ್ ರಿಯಾಮಿಯ ಗೆಸ್ಟ್‌ಹೌಸು. ನೆಲಮಾಳಿಗೆಯಲ್ಲಿ
ಮುನಿದ ಮಾವನ ಹಾಗೆ ಕೂತಿದೆ ಫರ್ನೇಸು:
ಗುಂಡಿ ಒತ್ತಿದರೆ ಕೆಮ್ಮುತ್ತದೆ, ಹೊತ್ತುತ್ತದೆ, ಹತ್ತೆಣಿಸುವಷ್ಟರಲ್ಲಿ ಆರುತ್ತದೆ.
ಮೊದಲು ಡೀಸೆಲ್. ಬಾಟಲಿಗಿಳಿಸಿ ಟಾರ್ಚಿಗೆ ಹಿಡಿದೆ.
ತಳದಲ್ಲಿ ನೀರು, ಮೇಲೆ ಮೇಣದ ಮೋಡ.
ಕೆಳಗಿನ ಸೆಕೆಗೆ ಒಗ್ಗಿದ ಎಣ್ಣೆ, ಚಳಿ ಕಂಡರೆ ಕೈಕಾಲು ಮುದುಡುತ್ತದೆ.
ಫಿಲ್ಟರಿನಲ್ಲಿ ಮೂರು ವರ್ಷದ ಧೂಳು, ಒಂದು ಬೆಕ್ಕಿಗಾಗುವಷ್ಟು ಕೂದಲು.
ನಾಜಲ್ ಬಾಯಿಗೆ ಮಸಿ.
ಉರಿ ಕಾಯುವ ಗಾಜಿನ ಕಣ್ಣಿಗೆ ಪೊರೆ ಬಂದು
ಬೆಂಕಿ ಎದುರಿಗಿದ್ದರೂ ಇಲ್ಲವೆಂದುಕೊಂಡು
ಎಣ್ಣೆ ನಿಲ್ಲಿಸುತ್ತಿತ್ತು, ಪಾಪ.
ಅಂಗಿಯ ತುದಿಯಿಂದ ಒರೆಸಿದೆ.

ಹೊತ್ತಿತು. ಇನ್ನು ಬಣ್ಣ ನೋಡಬೇಕು.
ಇದು ಕಂಪನಿ ಕಲಿಸಿದ್ದಲ್ಲ.
ಮಂಡಕ್ಕಿ ಭಟ್ಟಿಯ ಬಾಯಲ್ಲಿ ಮೂವತ್ತು ವರ್ಷ ಕೂತ ಅಬ್ಬಾ
ಭತ್ತದ ಹೊಟ್ಟು ಎರಚುತ್ತ, ಹೊಟ್ಟಿನ ರೇಟು ಏರಿದ ವರ್ಷ
ಹಳೇ ಟೈರು ಕೊಯ್ದು ತುರುಕುತ್ತ
(ಓಣಿಯ ಒಗೆದ ಬಟ್ಟೆಗಳಿಗೆಲ್ಲ ಅವತ್ತು ಕಾಡಿಗೆ)
ಹೇಳುತ್ತಿದ್ದದ್ದು:
ಗಾಳಿ ಸಾಲದ ಉರಿ ಕೆಂಪಗೆ, ಸೋಮಾರಿ.
ಗಾಳಿ ಹೆಚ್ಚಾದದ್ದು ಬೆಳ್ಳಗೆ, ಜಗಳಗಂಟಿ.
ಮಾಗಿದ ಮಾವಿನ ಬಣ್ಣ ಬರಲಿ, ಆಮೇಲೆ
ಕಾದ ಮರಳಿಗೆ ಅಕ್ಕಿ ಬಿಡು ಮಗಾ.

ಮಾವಿನ ಬಣ್ಣ ಬಂತು. ನಾನೂ ಸ್ಪ್ಯಾನರ್ ಒರೆಸಿಕೊಂಡೆ.
ಅಷ್ಟರಲ್ಲಿ ಮೇಲಿನ ಕೋಣೆಗಳಿಗೆ ಬಿಸಿ ದೂಡುವ ಫ್ಯಾನು ತಿರುಗಿತು,
ಉರಿ ಓರೆಯಾಯಿತು.

ಓರೆಯಾಗಬಾರದು.
ಆ ಗಾಳಿಗೂ ಈ ಉರಿಗೂ ನಡುವೆ ಕಬ್ಬಿಣದ ಗೋಡೆಯಿದೆ.
ಇದ್ದರೆ ಇದು ಅಲುಗಿದ್ದೇಕೆ?
ಕನ್ನಡಿ ತೂರಿಸಿ ನೋಡಿದೆ: ಬೆಸುಗೆಯ ಪಕ್ಕ
ಕೂದಲೆಳೆಯ ಬಿರುಕು, ಗೇಣುದ್ದ.

ಹಮೂದ್ ಅಂದ: ಮಸ್ಕತ್ತಿನಿಂದ ಹನ್ನೊಂದು ಜನ,
ಅದರಲ್ಲೊಂದು ಹಸುಗೂಸು. ಎರಡು ರಾತ್ರಿ ಓಡಿಸು, ಭಾನುವಾರ ನೋಡೋಣ.
ಅವನೇನು ಕೆಟ್ಟವನಲ್ಲ. ನನಗೆ ಚಹಾ ತಂದಿದ್ದ.

ಬೆಂಕಿಯಿಲ್ಲದೆ ಹೊಗೆಯಾಡದು ಅಂತಾರೆ ನಮ್ಮಲ್ಲಿ.
ಹೊಗೆಯೇ ಕಾಣದ ಬೆಂಕಿಗೆ ಯಾರೂ ಗಾದೆ ಕಟ್ಟಿಲ್ಲ.
ಬುರೈಮಿಯ ಕ್ಯಾಂಪಿನಲ್ಲಿ ತುಪ್ಪದ ಡಬ್ಬಿಗೆ ಇದ್ದಿಲು ತುಂಬಿ
ಬಾಗಿಲ ಸಂದಿಗೆ ಟವೆಲ್ ತುರುಕಿ ಮಲಗಿದ ನಾಲ್ವರು.
ಬೆಳಿಗ್ಗೆ ಕೆನ್ನೆ ಕೆಂಪಗಿದ್ದವು, ಊರಿಗೆ ಹೋಗಿ
ನಾಲ್ಕು ದಿನ ಉಂಡು ಬಂದವರ ಹಾಗೆ.
ತೊಫಜ್ಜಲನನ್ನು ಎಬ್ಬಿಸಲು ಹೋದವನು ನಾನೇ.

ಹಮೂದನಿಗೆ ಅದನ್ನೆಲ್ಲ ಹೇಳುವಷ್ಟು ಅರಬ್ಬಿ ನನಗಿಲ್ಲ.
ವಾಲ್ವು ತಿರುವಿದೆ. ನಾಜಲ್ ಬಿಚ್ಚಿ
ಜೇಬಿಗೆ ಹಾಕಿಕೊಂಡೆ.

ಅವನು ನನ್ನ ಕಂಪನಿಗೆ ಫೋನು ಮಾಡುತ್ತಿದ್ದಾಗ
ಪಕ್ಕದ ಮನೆಯ ಶಮ್ಸಾ ಮುದುಕಿ ಬಂದಳು, ಏನೂ ಕೇಳದೆ
ಏಪ್ರಿಲ್‌ನಲ್ಲಿ ಗುಲಾಬಿ ನೀರು ಇಳಿಸುವ ಮಣ್ಣಿನ ಒಲೆಗೆ
ಬಯಲಲ್ಲೇ ಸೌದೆ ಒಟ್ಟಿದಳು.
ಹನ್ನೊಂದು ಜನವೂ ಕಂಬಳಿ ಹೊದ್ದು ಸುತ್ತ ಕೂತರು.
ಗುಲಾಬಿಯ ವಾಸನೆ? ಇಲ್ಲ. ಬರೀ ಹೊಗೆ, ಎಲ್ಲರಿಗೂ ಕೆಮ್ಮು.
ಉರಿ ಕೆಂಪಗೆ, ಸೋಮಾರಿ.
ಬಗ್ಗಿ ನೋಡಿದರೆ ಗಾಳಿಯ ಕಿಂಡಿಯಲ್ಲಿ
ಹೋದ ವರ್ಷದ ಬೂದಿ. ಸ್ಪ್ಯಾನರಿನಿಂದಲೇ ಕೆದಕಿದೆ.

ಅದಕ್ಕೆ ದುಡ್ಡು ಬರೆಯಲಿಲ್ಲ.
ಇನ್ನೊಂದಕ್ಕೆ ಚೀಟಿಯಲ್ಲಿ 'ಮಾಡಿದ ಕೆಲಸ' ಅಂತಿದ್ದ ಕಡೆ
ಬಹಳ ಹೊತ್ತು ಪೆನ್ನು ಹಿಡಿದು ನಿಂತು
ಬರೆದೆ: ಆರಿಸಿದ್ದು. ಹದಿನೈದು ರಿಯಾಲ್.