ಕರೆಂಟ್ ಹೋಗಿತ್ತು

ಉದ್ಯಮಬಾಗದ ನಮ್ಮ ಫೌಂಡ್ರಿಯ ಕೋರ್ ಶಾಪಿಗೆ
ಹೆಣ್ಣಾಳು ಹುಡುಕೂದು ನನ್ನ ಕೆಲಸ.
ಅನಗೋಳದ ಚಾಳಿನಾಗ ಹೊಸಾ ಸಂಸಾರ ಇಳದ್ರ
ಮೂರನೇ ದಿನಕ್ಕ ಹೋಗಿ ಕಟ್ಟಿಮ್ಯಾಲ ಕುಂದರತೀನಿ.
ಚಾ ಕೊಟ್ರ ಕುಡೀತೀನಿ. ಕೈ ನೋಡತೀನಿ,
ಭವಿಷ್ಯ ಹೇಳಾಕಲ್ಲ,
ಉಸುಕಿನ ಕೋರು ಒಡೀದಂಗ ಎತ್ತೂ ಕೈ ಹೌದೋ ಅಲ್ಲೋ ಅಂತ.

ಮೈನೊ ಬಂದಾಗ ನನಗ ಅನುಮಾನನ ಇರಲಿಲ್ಲ.
ಮಯೂರಭಂಜದ ಕಡೆಯಾಕಿ, ಸಂತಾಲರ ಹೆಣ್ಣು.
ಅವರೊಳಗ ಹೆಂಗಸ್ರು ದುಡಿಯಾಕ ಒಂದು ಕೈ ಮುಂದ
ಅಂತ ಸೇಠಗ ಮೊದಲ ಹೇಳಿ ಇಟ್ಟಿದ್ದೆ.
ಆಕಿ ಬಾಗಲದಾಗ ಕಾಲು ಚಾಚಿ ಕುಂತು
ಬಟಾಣಿ ಸುಲೀತಿದ್ಳು, ಭಾಳ ಸಾವಕಾಶ,
ಒಂದೊಂದು ಕಾಳಿಗೂ ಒಂದೊಂದು ದಿನ ಇದ್ದಂಗ.
"ನಮ್ಮವ್ವ ಭಟ್ಟಿಯಾಗ ಇಟ್ಟಂಗಿ ಹೊತ್ಳು. ಆಕಿ ಅವ್ವನೂ ಹೊತ್ಳು.
ನಾ ಹುಟ್ಟಿದ್ದ ಇಟ್ಟಂಗಿ ಸಾಲಿನ ನೆಳ್ಳಾಗ.
ಕುಂದ್ರೂದು ನಮ್ಮ ಮನೆತನಕ್ಕ ಹೊಸಾದು, ಮಾವಶಿ.
ಸ್ವಲ್ಪ ದಿನ ನೋಡತೀನಿ ಹೆಂಗಿರತೈತಿ."

ಎರಡು ಕಾಳು ಬಾಯಿಗೆ ಹಾಕ್ಕೊಂಡು ಎದ್ದೆ.

ಪಕ್ಕದ ಖೋಲಿ ಬಾಗಲಾ ನಾ ಬಡದಿರಲಿಲ್ಲ.
ದರಭಂಗಾದ ಝಾ, ಲೇಥ್ ಮಷೀನಿನಾಂವ, ಬನೀನಿನಾಗ ಜನಿವಾರ.
ಹೆಂಡತಿ ಸುನಯನಾ ನಳದ ನೀರಿಗೆ ಬಂದ್ರೂ
ಮೂಗಿನ ತನಕ ಸೆರಗು.
ಆಕಿನ ನನ್ನ ಹಿಂದ ಓಣಿ ತಿರುವಿನ ತನಕ ಬಂದ್ಳು.
"ಇಲ್ಲೆ ನಮ್ಮ ಊರಾವ್ರು ಯಾರರೆ ಅದಾರೇನ್?"
ಇಲ್ಲ ಅಂದೆ.
"ಝಾ ಅಂದ್ರ ಏನಂತ ಯಾರಿಗರೆ ಗೊತ್ತೈತೇನ್?"
ನನಗಂತೂ ಗೊತ್ತಿಲ್ಲ ಅಂದೆ. ಖರೇನ ಗೊತ್ತಿರಲಿಲ್ಲ.
"ಹಂಗಾದ್ರ ಎಷ್ಟಕ್ಕ ಬರ್ಲಿ?"

ನಾಲ್ಕನೇ ಗೇಟಿನ ತನಕ ಸೆರಗು ತಲಿಮ್ಯಾಲ,
ಹಳಿ ದಾಟಿದ ಮ್ಯಾಲ ಟೊಂಕದಾಗ.
ಗಂಡಗ ಗೊತ್ತೈತಿ. ಗೊತ್ತಿಲ್ಲದಂಗ ಲೇಥ್ ತಿರುವತಾನ.

ನಾನೂ ರಾಯಬಾಗದಿಂದ ಲಗ್ನಾಗಿ ಬಂದಾಕಿ.
"ನಮ್ಮ ಮನೆತನದಾಗ ಹೆಣ್ಮಕ್ಳು ಪಗಾರ ತರೂದಿಲ್ಲ" ಅಂತಿದ್ಳು ಅತ್ತಿ.
ಗಂಡ ಸತ್ತ ಹನ್ನೆರಡನೇ ದಿನಕ್ಕ ಅದ ಬಾಯಿಲೆ
"ಎಲ್ಲರೆ ಕೆಲಸ ನೋಡ" ಅಂದ್ಳು.
ಮನೆತನ ಅಲ್ಲೆ ಇತ್ತು,
ಗ್ವಾಡಿಮ್ಯಾಲ, ಮಾಲಿ ಹಾಕ್ಕೊಂಡು.

ಹನ್ನೊಂದೂ ಕಾಲಿಗೆ ದರಭಂಗಾದಿಂದ ಅತ್ತಿಯ ವಿಡಿಯೋ ಕಾಲು.
ಸುನಯನಾ ಓಡಿಹೋಗಿ
ಪ್ಯಾಟರ್ನ್ ಸ್ಟೋರಿನ ಸುಣ್ಣದ ಗ್ವಾಡಿಗೆ ಬೆನ್ನು ಹಚ್ಚತಾಳ,
ಹುಬ್ಬಿನ ಉಸುಕು ಒರಸತಾಳ, ಸೆರಗು ಎಳೀತಾಳ,
ನನ್ನ ಕಡೆ ನೋಡತಾಳ.
ನಾ ಮಿಕ್ಸರ್ ಬಂದ್ ಮಾಡತೀನಿ.
ಹದಿನಾಲ್ಕು ಹೆಂಗಸ್ರು, ಮರಾಠಿ, ಕನ್ನಡ, ಉರ್ದು ಬಾಯಿ ಎಲ್ಲಾ,
ಕೈಯಾಗಿನ ಕೋರು ಕೈಯಾಗ ಹಿಡಕೊಂಡು ನಿಂದರತಾರ.
ಕೆಮ್ಮು ಬಂದ್ರ ಮುಮತಾಜ ಓಢಣಿ ಬಾಯಾಗ ತುರುಕ್ಕೊತಾಳ.

"ನಿಮ್ಮ ಊರು ಎಷ್ಟು ಸುಮ್ಮಗ ಐತಿ" ಅಂತಾಳಂತ ಮುದುಕಿ,
"ಒಂದು ಕಾಗಿ ಸುದ್ದಾ ಕೂಗೂದಿಲ್ಲ.
ಒಬ್ಬಾಕಿಗೆ ಮನ್ಯಾಗ ಬ್ಯಾಸರಾಗೂದಿಲ್ಲೇನ್?"
"ಆಗತೈತಿ" ಅಂತಾಳ ಸುನಯನಾ.
ಹಿಂದ ಹದಿನಾಲ್ಕು ಮಂದಿ ಉಸಿರು ಹಿಡದಿರತಾರ.

ಸಂಜಿಕೆ ಚಾಳಿನ ಮುಂದ ಹಾದ್ರ ಮೈನೊ ಕೈ ಎತ್ತತಾಳ.
ಹೆಂಗೈತಿ ಕುಂದ್ರೂದು? ಕೇಳಿದೆ.
"ಬೆನ್ನಿಗೆ ರೂಢಿ ಇಲ್ಲ" ಅಂತ ನಕ್ಳು,
ಎದ್ದು ಮಾತ್ರ ಬರಲಿಲ್ಲ.

ಬುಕ್ಕಿನಾಗ ದಿನಾ ಬರೀತೀನಿ:
ಹನ್ನೊಂದೂ ಕಾಲರಿಂದ ಐದು ನಿಮಿಷ, ಕರೆಂಟ್ ಹೋಗಿತ್ತು.
ಮೊನ್ನೆ ಸೇಠ ಚಷ್ಮಾ ಏರಿಸಿ ಕೇಳಿದ:
ಇದೇನ ಬಾಯಿ, ದಿನಾ ಅದ ಹೊತ್ತಿಗೆ?
ಹೆಸ್ಕಾಂದಾವ್ರಿಗೆ ಕೇಳ್ರಿ, ಅಂದೆ.