ಇಳಿಸೂದು

ಉದ್ಯಮಬಾಗದ ಗಲ್ಲಿಯೊಳಗ ದಸ್ತಗೀರನ ಶೆಡ್ಡು.
ಚೈನ್ ಪುಲ್ಲಿಗೆ ನನ್ನ ಜೀಪಿನ ಎಂಜಿನ್ನು ತೂಗತೈತಿ.
ನಾಕು ಸಿಲಿಂಡರು, ಪೆಟ್ರೋಲು.
ಬುಡದಿಂದ ಒಂದೊಂದ ಹನಿ ಕರೇ ಎಣ್ಣಿ
ಹಳೇ ಪೇಪರಿನ ಲಗ್ನದ ಜಾಹೀರಾತಿನ ಮ್ಯಾಲ.

ಎದುರಿಗೆ ಗೋಣೀಚೀಲದ ಮ್ಯಾಲ ಕೂತೈತಿ ಇನ್ನೊಂದು.
ಡೀಸೆಲ್. ಸಾಂಗ್ಲಿ ಕಡೆಯಿಂದ ಬಂದದ್ದು.
ಪಲ್ಟಿ ಹೊಡದ ಗಾಡೀದು, ಆದರ ಎದಿ ಗಟ್ಟಿ, ಅಂತಾನ ದಸ್ತಗೀರ.
ಕನ್ಯಾ ನೋಡಾಕ ಬಂದ ವರನಂಗ
ಮೈ ತೊಳಕೊಂಡು, ಬಣ್ಣ ಬಳಕೊಂಡು
ಬಾಯಿ ಬಿಡಲಾರದ ಕೂತೈತಿ.

ಶ್ರಾವಣದ ಮೊದಲ ಐತವಾರ ಆದದ್ದು ಹಿಂಗ:
ಜಾಂಬೋಟಿ ದಾಟಿ, ಕಣಕುಂಬಿ ಕಡೆ, ಒಂದು ಕೆಂಪು ಏರು.
ಮೊದಲ ಹತ್ತಿದಾಂವ ಬಸ್ತ್ಯಾಂವ, ಕ್ಯಾಂಪಿನ ಬೇಕರಿಯಂವ.
ಅವನ ಡೀಸೆಲ್ಲು ಕೆಸರ ಅಗೀತಾ, ಗೊರಕಿ ಹೊಡೀತಾ
ಎಮ್ಮಿಯಂಗ ಮ್ಯಾಲ ಹೋತು.
ನಂದು ಅರ್ಧಕ್ಕ ಕೆಮ್ಮಿ ನಿಂತಿತು.
ನಿಂತಾಗ ಒಮ್ಮೆಲೇ ಕೇಳಿಸಿತು ಕಾಡು:
ಜೀರುಂಡಿ, ಎಲ್ಲೋ ಹರಿಯೋ ನೀರು,
ಮ್ಯಾಲಿಂದ ಬಸ್ತ್ಯಾಂವನ ನಗಿ.
ಹಗ್ಗ ಕಟ್ಟಿ ಎಳದ. ಹರೀತು.
ಮತ್ತ ಗಂಟ ಹಾಕಿ ಎಳದ.

ರಾತ್ರಿ ಲೆಕ್ಕ ಹಾಕಿದೆ:
ಎಂಜಿನ್ನು, ಮೌಂಟಿಂಗು, ದೊಡ್ಡ ರೇಡಿಯೇಟರು,
ಭಾರ ಹೊರಾಕ ಮುಂದಿನ ಪಾಟಾಕ್ಕ ಇನ್ನೆರಡು ಎಲಿ,
ಆರ್‌ಟಿಓ ಆಫೀಸಿನ ಅಡ್ಡಾಟ.
ಆರ್‌ಸಿ ಬುಕ್ಕಿನ್ಯಾಗ ನಂಬರು ಎರಡು.
ಚಾಸಿದೊಂದು, ಎಂಜಿನ್ನಿಂದೊಂದು.
ಒಂದಕ್ಕ ಗೀಟು ಹೊಡದರ
ಉಳದದ್ದನ್ನ ಏನಂತ ಕರೀಲಿ?

ಕಸ್ತೂರಿ ಹಾಸಿಗಿ ಹಾಸ್ತಾ ಅಂದಳು:
"ಲಗ್ನಾದ ಮರುದಿನ ನನ್ನ ಅಡ್ಡಹೆಸರು ಬದಲಿಸಿದ್ರಿ,
ಆಗ ಇಷ್ಟು ವಿಚಾರ ಮಾಡಿದ್ರೇನು?"
ದೀಪ ಆರಿಸಿದೆ.

ನಾ ಬಡಿಗ್ಯಾರಂವ, ಫೌಂಡ್ರಿಗೆ ಪ್ಯಾಟರ್ನ್ ಮಾಡಾಂವ.
ಮೊದಲ ಸಾಗವಾನಿಯೊಳಗ, ಆಮ್ಯಾಲ ಉಸುಕಿನೊಳಗ,
ಕಡೀಕ ಕಬ್ಬಿಣದೊಳಗ ಹುಟ್ಟತೈತಿ ಎಲ್ಲಾ.
ಆ ಡೀಸೆಲ್ಲಿಗೂ ನನ್ನ ಹಳೇ ಗೇರಬಾಕ್ಸಿಗೂ
ನಂಟು ಕೂಡಿಸೋ ಬೆಲ್ ಹೌಸಿಂಗು
ಕಟಗಿಯೊಳಗ ನಾನ ಕೆತ್ತೀನಿ, ಹನ್ನೊಂದು ರಾತ್ರಿ ಕೂತು.

ನಮ್ಮ ಅಳತಿಪಟ್ಟಿ ಬ್ಯಾರೆ.
ಅದರ ಇಂಚು ಪ್ಯಾಟಿ ಇಂಚಿಗಿಂತ ಕೂದಲೆಳಿ ದೊಡ್ಡದು.
ಕಾದ ಕಬ್ಬಿಣ ಆರೋ ಹೊತ್ತಿಗೆ
ನೂರಕ್ಕ ಒಂದು ಕುಗ್ಗತೈತಿ.
ಏರಿನ್ಯಾಗ, ಆ ನಗಿ ಕೇಳಿದ ಹೊತ್ತಿನ್ಯಾಗ
ನಾ ಮಾಡಿದ ನಿರ್ಧಾರ ಎಷ್ಟು ಕಾದಿತ್ತು?
ಆರಿದ ಮ್ಯಾಲ ಎಷ್ಟು ಉಳದೈತಿ?
ಅದನ್ನ ಅಳಿಯೋ ಪಟ್ಟಿ ನಮ್ಮ ಪೆಟ್ಟಿಗ್ಯಾಗ ಇಲ್ಲ.

ತಗದದ್ದು ಎಲ್ಲಿಗೆ ಹೋಗತೈತಿ, ಅದೂ ಗೊತ್ತು.
ಗುಜರಿಯಿಂದ ನಮ್ಮ ಅಂಗಳಕ್ಕ,
ಅಂಗಳದಿಂದ ಸುತಗಿ ಪೆಟ್ಟು ತಿಂದು ಭಟ್ಟಿಗೆ,
ಮರುದಿನ ಪಂಪಿನ ಮೈ, ಗಟಾರದ ಮುಚ್ಚಳ.
ಕೆಟ್ಟದ್ದೇನಲ್ಲ.
ಒಮ್ಮೆ ಹಂಗ ಬಂದ ಬ್ಲಾಕಿನ ಮ್ಯಾಲ
ಯಾರೋ ಖಡುವಿಲೆ ಬರದಿದ್ರು: ನಾಳೆ ಬರ್ತೀನಿ.
ಎರಡು ದಿನ ಬದೀಗಿಟ್ಟೆ ಅದನ್ನ.
ಮೂರನೇ ದಿನ ಭಟ್ಟಿ ಹೊತ್ತಿತು.

ದಸ್ತಗೀರ ಚೈನ್ ಹಿಡದ ನಿಂತಾನ, ತೋಳು ನಡಗತಾವು.
"ಏನ್ ಮಾಡೂಣು ಮೇಸ್ತ್ರಿ?"
"ಇಳಸು."
"ಎಲ್ಲಿ?"

ಗ್ಯಾರೇಜಿನ ಮಾತಿನ್ಯಾಗ
ಎಂಜಿನ್ ಇಳಿಸೂದಂದರ ತಗಿಯೂದು.
ಹುಡುಗ ಆಗಲೇ ನೆಲದ ಮ್ಯಾಲ ಹಳೇ ಟೈರ್ ಹಾಸ್ಯಾನ.

ಟೈರು ಕಾಲಿಲೆ ಸರಿಸಿದೆ.
ಹ್ಯಾಂಡ್‌ಬ್ರೇಕ್ ಬಿಟ್ಟು ಜೀಪಿನ ಬೆನ್ನಿಗೆ ಹೆಗಲ ಕೊಟ್ಟೆ.
ಎಂಜಿನ್ನಿಲ್ಲದ್ದು ಎಷ್ಟ ಹಗುರ!
ಒಬ್ಬನ ನೂಕಿದೆ, ತೂಗೋ ಕಬ್ಬಿಣದ ಬುಡಕ್ಕ.

"ಕಾರ್ಬೊರೇಟರ್ ಬಿಚ್ಚು, ಫ್ಲೋಟ್ ನೋಡು.
ಬೋರಿನ ಮಾತು ಮುಂದಿನ ವರ್ಷ."
ದಸ್ತಗೀರ ಡೀಸೆಲ್ ಕಡೆ ನೋಡಿದ, ನನ್ನ ಕಡೆ ನೋಡಿದ,
ಚೈನ್ ಒಂದೊಂದ ಕೊಂಡಿ ಬಿಡಾಕ ಹತ್ತಿದ.

ಕಟಗಿ ಪ್ಯಾಟರ್ನಿಗೆ ವಾರ್ನಿಶ್ ಹಚ್ಚಿ
ಅಟ್ಟದ ಮ್ಯಾಲ ಇಟ್ಟೀನಿ, ಒಗದಿಲ್ಲ.
ಬರ್ತಾ ಖಡೇ ಬಜಾರಿನ್ಯಾಗ ಹಗ್ಗ ಕೊಂಡೆ,
ದಪ್ಪಂದು, ಹದಿನೈದು ಮೊಳ.
ಬಸ್ತ್ಯಾಂವಗ ಇನ್ನೂ ಹೇಳಿಲ್ಲ.