ಸರ್ವಿಸ್ ರೋಡಿನ ಬಾಯಿ

ಎಂ.ಕೆ. ಹುಬ್ಬಳ್ಳಿ ಸಾಲಿಗೆ ವರ್ಗ ಆದ ವರ್ಷ,
ನಾಲ್ವತ್ತೆಂಟು ತುಂಬಿದ ಮ್ಯಾಲ,
ಗಾಡಿ ಕಲಿಯಾಕ ಹೊಂಟೆ.
ಬಾಬಾಜಾನ ಮಾಸ್ತರರ ಹಳೇ ಆಲ್ಟೋ,
ಹಿಂದ ಮುಂದ ಕೆಂಪು ಎಲ್,
ಅವರ ಕಾಲ ಕೆಳಗೂ ಒಂದು ಬ್ರೇಕು.
ಅದನ್ನ ಒತ್ತಿದಾಗೊಮ್ಮೆ
ಅವರು ‘ಯಾ ಅಲ್ಲಾ’ ಅನ್ನೋರು, ನಾ ‘ಣಮೋ’ ಅನ್ನಾಕಿ,
ಗಾಡಿ ಇಬ್ಬರ ಮಾತೂ ಕೇಳದ
ಕೆಮ್ಮಿ ಬಂದ್ ಆಗೋದು.

ರಿವರ್ಸು ಕಲಿತೆ. ಖಡೇಬಜಾರದಾಗ
ದೀಪಾವಳಿ ಹಿಂದಿನ ಸಂಜಿ
ಎಮ್ಮೆಗೂ ಕೈಗಾಡಿಗೂ ನಡುವ ದಾರಿ ಹುಡುಕಿದೆ.
ಹಲಗಾದಾಗ ಸರ್ವಿಸ್ ರೋಡು
ಹೈವೇಕ್ಕ ಬಾಯಿ ತೆರೆಯೋ ಜಾಗಕ್ಕ ಬಂದ್ರ
ವಿದ್ಯಾ ಎಲ್ಲಾ ಮುಗೀತು.

ಬಾಯಿಗೆ ಬಂದೆ, ನಿಂತೆ.
ಕೊಲ್ಲಾಪುರದ ಲಾರಿ, ಅದರ ಹಿಂದ ಬಸ್ಸು,
ಬಸ್ಸಿನ ಹಿಂದ ಬೆಳ್ಳಗ ಏನೋ, ಕಾಣೂದ್ರೊಳಗ ಹೋತು.
ಎಲ್ಲಾರೂ ಹೋಗಲಿ, ಆಮ್ಯಾಲ ಹೋಗೂಣು ಅಂದೆ.
ಹಿಂದಿನ ಕಾಯಿಪಲ್ಲೆ ಟೆಂಪೋದಾಂವ
ಹಾರ್ನಿನ ಮ್ಯಾಲ ಇಟ್ಟ ಕೈ ತಗೀಲೇ ಇಲ್ಲ.

‘ಅಕ್ಕೋರ, ಎಲ್ಲಾರೂ ಹೋದ್ರು ಅನ್ನೂ ಹೊತ್ತು
ಈ ರೋಡಿಗೆ ಬರೂದಿಲ್ಲ.
ನಿಂತಲ್ಲಿಂದ ಜಿಗೀತೀನಿ ಅಂದ್ರ ಅಂಜಿಕೀನ.
ಓಡಕೋತ ಬರ್ರಿ. ಅವರ ಓಟ ಎಷ್ಟೋ
ಅಷ್ಟು ಇಲ್ಲೇ ಓಡ್ರಿ, ಇಂಡಿಕೇಟರ್ ಹಾಕ್ರಿ,
ಕನ್ನಡಿ ನೋಡ್ರಿ. ಕನ್ನಡೀನೂ ಅರ್ಧಾ ಸುಳ್ಳು ಹೇಳತೈತಿ,
ಹೆಗಲ ಮ್ಯಾಲಿಂದ ಹೊಳ್ಳಿ ನೋಡ್ರಿ.
ಸಂದಿ ಬೇಡಬಾರದು, ಕಸಗೋಬಾರದು.’
‘ಮತ್ತ?’
‘ಮತ್ತೇನ್ರಿ, ಹೊಂದಬೇಕು.’

ಅವತ್ತ ಹೊತ್ತು ಮುಳುಗೂದ್ರೊಳಗ ಊಟಕ್ಕ ಕುಂತಾಗ
ಬಡಸಕೋತ ಲಕ್ಷ್ಯ ಕೊಟ್ಟೆ:
ಮಾವನವರು, ಭಾವ, ಇವರು, ಈಗ ಮಗಾನೂ,
ಪ್ಲಾಟಿನ ರೇಟು, ಪಾಲಿಕೆ ಇಲೆಕ್ಷನ್ನು, ಯಾರದೋ ಮದುವಿ.
ಇಪ್ಪತ್ತಾರು ವರ್ಷ ನಾ
ಬಾಯಿ ತನಕ ಬಂದು ನಿಂತಾಕಿ.
ಎಲ್ಲಾರದೂ ಮುಗೀಲಿ ಅಂತ.
ಮುಗಿದ ಮ್ಯಾಲ ಕೈ ತೊಳಕೊಂಡು ಏಳತಾರ.

ಮರುವಾರ ಕಾರ್ಖಾನಿ ಸುರುವಾಗಿತ್ತು.
ಎರಡು ಟ್ರಾಲಿ ಕಬ್ಬಿನ ಟ್ರ್ಯಾಕ್ಟರು, ಹಿಂದ ಲೈಟಿಲ್ಲ,
ಹಾಡು ಮಾತ್ರ ಬಸ್ತವಾಡ ತನಕ ಕೇಳಬೇಕು,
ನಮ್ಮ ಮುಂದ ಹೋಗಿ ಹೊಳ್ಳಿ ಸುದ್ದಾ ನೋಡದ
ಸೀದಾ ನುಗ್ಗಿತು. ಬ್ರೇಕಿನ ಚೀರಾಟ, ರಬ್ಬರಿನ ವಾಸನಿ,
ನಾಕು ಗಳ ಕಬ್ಬು ಡಾಂಬರದ ಮ್ಯಾಲ.
ಯಾರಿಗೂ ಏನೂ ಆಗಲಿಲ್ಲ.
ಮಾಸ್ತರರು ಹಣಿ ಒರಸಿಕೊಂಡು
‘ಅದು ಸೇರೂದಲ್ರಿ’ ಅಂದ್ರು, ಅಷ್ಟ.

ಮತ್ತೊಂದು ಸುತ್ತು ಹಾಕಿ ಬಂದ್ವಿ.
ಮೂರನೇ ಗೇರು. ಕಾಲು ನಡಗತಿತ್ತು, ಆದ್ರೂ ಒತ್ತಿದೆ.
ನಾಕನೇದು. ಟಿಕ್ ಟಿಕ್ ಟಿಕ್.
ಹೊಳ್ಳಿ ನೋಡಿದೆ, ತಮಿಳುನಾಡು ನಂಬರಿನ ಲಾರಿ,
ಗಾಲಿ ಎಣಸಾಕ ಆಗೂದಿಲ್ಲ.
ನಮ್ಮ ಕಡೆ ಲೈಟು ಹೊಡದ್ರ
‘ಬಂದೀ ಅಂದ್ರ ನೋಡು’ ಅಂತ ಅರ್ಥ.
ಅಂವಾ ಲೈಟು ಹೊಡೀಲಿಲ್ಲ, ಹಾರ್ನೂ ಇಲ್ಲ.
ಸುಮ್ಮನ ಬಲಕ್ಕ ಸರದ.

ಕಿಟಕಿಯಿಂದ ಹೊರಗಿದ್ದ ಮೊಣಕೈ ಒಂದು ಕಂಡಿತು.
ಮಾರಿ ನೋಡಲಿಲ್ಲ.
ಸುವರ್ಣಸೌಧ ದಾಟಿದ ಮ್ಯಾಲ ನೆನಪಾತು,
ಇವತ್ತ ಇಬ್ಬರೂ ದೇವರ ಹೆಸರು ತಗೊಂಡಿಲ್ಲ.

ಎರಡು ವರ್ಷ ಆತು. ದಿನಾ ಇದ ದಾರಿ.
ಮನ್ಯಾಗ ಇನ್ನೂ ಕಲಿಯಾಕ ಹತ್ತೇನಿ,
ಅಲ್ಲಿ ಬಲಕ್ಕ ಸರಿಯೋ ರೂಢಿ ಇಲ್ಲ.
ಮೊನ್ನೆ ಮುಂಜಾನೆ ಹಲಗಾದ ಬಾಯ್ಯಾಗ
ಒಂದು ಓಮ್ನಿ, ಸಣ್ಣ ಹುಡುಗ, ಎರಡೂ ಕೈಯಾಗ ಸ್ಟೇರಿಂಗು
ಅವುಚಿ ಹಿಡದು ಕುಂತಿದ್ದ.
ಹಿಂದ ನೋಡಿ ಬಲಕ್ಕ ಸರದೆ.
ಬಾ ಅಂದೆ, ಒಳಗಿಂದೊಳಗ.
ಅಂವಾ ನಂಬಲಿಲ್ಲ. ನಿಂತೇ ಬಿಟ್ಟ.

ನಾ ನಿಲ್ಲೂಹಂಗ ಇರಲಿಲ್ಲ.
ಕನ್ನಡ್ಯಾಗ ಸಣ್ಣಾಗಕೋತ ಹೋದ.
ತಿರುವು ಬರೂತನಕ
ಆ ಹಳದಿ ದೀಪ
ಮಿಣುಕತನ ಇತ್ತು.